ಒಂದೇ ಕಡಲು, ಹತ್ತಾರು ಕಂಪನಿ: ಜನ ಇದೇ ಕ್ರೂಸ್ ಹಡಗನ್ನು ಯಾಕೆ ಹತ್ತುತ್ತಾರೆ?

ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಆಗಾಗ ತೇಲಿಬರುವ ಒಂದು ಕಥೆ ನಿಮಗೂ ಬಂದಿರಬಹುದು. ಐಷಾರಾಮಿ ಹಡಗೊಂದರ ಊಟದ ಹಾಲ್‌ನಲ್ಲಿ ಒಬ್ಬ ಅಜ್ಜಿ ಒಂಟಿಯಾಗಿ ಕೂತಿದ್ದಾರೆ. ಬಡಿಸುವವರಿಂದ ಹಿಡಿದು ದೊಡ್ಡ ಅಧಿಕಾರಿಗಳವರೆಗೆ ಎಲ್ಲರಿಗೂ ಅವರ ಪರಿಚಯ. ವಿಚಾರಿಸಿದರೆ, ಅಜ್ಜಿ ಒಂದು ಪ್ರವಾಸ ಮುಗಿದ ಮೇಲೆ ಇನ್ನೊಂದರಂತೆ ಅದೇ ಕಂಪನಿಯ ಹಡಗಿನಲ್ಲೇ ಸುತ್ತುತ್ತಿದ್ದಾರಂತೆ. ಕಾರಣ? ವೃದ್ಧಾಶ್ರಮಕ್ಕಿಂತ ಇದೇ ಅಗ್ಗವಂತೆ! ನನಗಂತೂ ಈ ಸಂದೇಶ ವರ್ಷಕ್ಕೆ ಎರಡು ಸಲವಾದರೂ ಬರುತ್ತದೆ.

ಕಥೆಯ ಇಂಗ್ಲಿಷ್ ರೂಪ ಇ-ಮೇಲ್ ಕಾಲದಿಂದಲೂ ಓಡಾಡುತ್ತಿದೆ. ಅದರಲ್ಲಿ ಪ್ರಿನ್ಸೆಸ್ ಕ್ರೂಸಸ್ ಎಂಬ ಕಂಪನಿಯ ಹೆಸರೂ ಇದೆ. ವೃದ್ಧಾಶ್ರಮಕ್ಕೆ ದಿನಕ್ಕೆ 200 ಡಾಲರ್, ಹಡಗಿಗೆ 135 ಡಾಲರ್ ಎಂಬ ಲೆಕ್ಕವೂ ಇದೆ. ಇದು ಪೂರ್ತಿ ಸುಳ್ಳೇ? ಹಾಗೇನಿಲ್ಲ. 2004ರಲ್ಲಿ ಅಮೆರಿಕದ ಇಬ್ಬರು ವೈದ್ಯರು ವೃದ್ಧರ ಆರೋಗ್ಯದ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಇದೇ ವಿಷಯವನ್ನು ಗಂಭೀರವಾಗಿ ಚರ್ಚಿಸಿದ್ದರು. ದೀರ್ಘಕಾಲದ ಲೆಕ್ಕ ಹಾಕಿದರೆ ಎರಡರ ಖರ್ಚೂ ಹೆಚ್ಚುಕಡಿಮೆ ಒಂದೇ ಎಂದು ಅವರು ತೋರಿಸಿದರು. ಆದರೆ ಅವರು ಹೋಲಿಸಿದ್ದು ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವ ನರ್ಸಿಂಗ್ ಹೋಮ್ ಜೊತೆ ಅಲ್ಲ. ತಮ್ಮ ಕೆಲಸ ಬಹುತೇಕ ತಾವೇ ಮಾಡಿಕೊಳ್ಳುವ, ಸ್ವಲ್ಪ ಆಸರೆ ಸಾಕೆನ್ನುವ ಹಿರಿಯರ ವಸತಿಗಳ ಜೊತೆ. ಫಾರ್ವರ್ಡ್‌ನಲ್ಲಿ ಈ ವ್ಯತ್ಯಾಸ ಮಾಯವಾಗಿದೆ. ಹಡಗಿನಲ್ಲಿ ವೈದ್ಯರು ಇರುತ್ತಾರೆ ನಿಜ, ಆದರೆ ಪ್ರತಿ ಸಲ ತೋರಿಸಿದಾಗಲೂ ಬಿಲ್ ಬೇರೆ. ದಿನನಿತ್ಯ ಸ್ನಾನ ಮಾಡಿಸುವವರು, ಮಾತ್ರೆ ಕೊಟ್ಟು ನೋಡಿಕೊಳ್ಳುವವರು ಅಲ್ಲಿಲ್ಲ.

ಇದೇ ಆಸೆಯ ಮೇಲೆ ಕಟ್ಟಿದ ಯೋಜನೆಗಳೂ ಬಂದವು. 'ಲೈಫ್ ಅಟ್ ಸೀ' ಎಂಬ ಮೂರು ವರ್ಷಗಳ ಪ್ರವಾಸ 2023ರ ನವೆಂಬರ್‌ನಲ್ಲಿ ಹೊರಡುವ ಹೊತ್ತಿಗೆ ರದ್ದಾಯಿತು. ಕೊಳ್ಳಬೇಕೆಂದಿದ್ದ ಹಡಗೇ ಅವರ ಕೈಗೆ ಬರಲಿಲ್ಲ. ಅಷ್ಟರಲ್ಲಿ ಮನೆ ಖಾಲಿ ಮಾಡಿಕೊಂಡು ಬಂದವರೂ ಇದ್ದರು.

ಆದರೂ ಆ ಅಜ್ಜಿಯ ಕಥೆಯಲ್ಲಿ ಒಂದು ನಿಜ ಅಡಗಿದೆ. ಕ್ರೂಸ್ ಪ್ರವಾಸಿಗಳಲ್ಲಿ ಬಹಳ ಜನ ಒಂದು ಕಂಪನಿಗೆ ಅಂಟಿಕೊಂಡರೆ ಬಿಡುವುದಿಲ್ಲ. ಎಲ್ಲ ಹಡಗುಗಳೂ ಹೋಗುವುದು ಅದೇ ಕೆರಿಬಿಯನ್ ದ್ವೀಪಗಳಿಗೆ, ಅದೇ ಬಾರ್ಸಿಲೋನಾಕ್ಕೆ, ಅದೇ ಅಲಾಸ್ಕಾಕ್ಕೆ. ಹಾಗಿದ್ದರೆ ಇವರನ್ನು ಹಿಡಿದಿಡುವುದು ಏನು?

ಹೆಸರು ಹತ್ತಾರು, ಮಾಲೀಕರು ನಾಲ್ಕೇ

ಮೊದಲು ಒಂದು ತಪ್ಪು ಕಲ್ಪನೆ ಸರಿಮಾಡೋಣ. "ಆ ಕಂಪನಿ ಬೇಡ, ಈ ಕಂಪನಿ ಒಳ್ಳೇದು" ಎಂದು ಜನ ವಾದ ಮಾಡುತ್ತಾರಲ್ಲ, ಎಷ್ಟೋ ಸಲ ಎರಡೂ ಒಂದೇ ಮನೆಯವು. ಕಾರ್ನಿವಲ್, ಪ್ರಿನ್ಸೆಸ್, ಹಾಲೆಂಡ್ ಅಮೆರಿಕ, ಕ್ಯೂನಾರ್ಡ್, ಕೋಸ್ಟಾ, ಐಡಾ, ಸೀಬರ್ನ್ — ಇವೆಲ್ಲ ಕಾರ್ನಿವಲ್ ಕಾರ್ಪೊರೇಷನ್ ಎಂಬ ಒಂದೇ ಗುಂಪಿಗೆ ಸೇರಿದವು. ರಾಯಲ್ ಕೆರಿಬಿಯನ್, ಸೆಲೆಬ್ರಿಟಿ, ಸಿಲ್ವರ್‌ಸೀ ಇನ್ನೊಂದು ಗುಂಪು. ನಾರ್ವೇಜಿಯನ್, ಓಷಿಯಾನಿಯಾ, ರೀಜೆಂಟ್ ಮತ್ತೊಂದು. ನಾಲ್ಕನೆಯದು ಎಂಎಸ್‌ಸಿ. ಬಂದರುಗಳಲ್ಲಿ ಕಾಣುವ ಎಂಎಸ್‌ಸಿ ಕಂಟೇನರ್‌ಗಳಿವೆಯಲ್ಲ, ಅದೇ ಸಂಸ್ಥೆ. ಜಗತ್ತಿನ ಕ್ರೂಸ್ ವ್ಯಾಪಾರದ ಬಹುಪಾಲು ಈ ನಾಲ್ವರ ಕೈಯಲ್ಲಿದೆ.

ಹಾಗಾದರೆ ಒಬ್ಬನೇ ಮಾಲೀಕ ಇಷ್ಟೊಂದು ಹೆಸರು ಯಾಕೆ ಇಟ್ಟುಕೊಳ್ಳುತ್ತಾನೆ? ಹೋಟೆಲ್‌ನ ಮಾಲೀಕ ಕೆಳಗೆ ದರ್ಶಿನಿ, ಮೇಲೆ ಎಸಿ ಫ್ಯಾಮಿಲಿ ರೂಮ್ ನಡೆಸಿದಂತೆ. ಕಾಸು ಹೋಗುವುದು ಒಂದೇ ಗಲ್ಲಾಪೆಟ್ಟಿಗೆಗೆ, ಆದರೆ ಬರುವ ಗಿರಾಕಿ ಬೇರೆ, ನಿರೀಕ್ಷೆ ಬೇರೆ. ಪ್ರತಿ ಹೆಸರಿಗೂ ಒಂದು ಸ್ವಭಾವ ಅಂಟಿಕೊಂಡಿದೆ, ಮತ್ತು ಆ ಸ್ವಭಾವ ಹುಟ್ಟಿದ ಬಗೆ ಸ್ವಾರಸ್ಯವಾಗಿದೆ.

ಕಾರ್ನಿವಲ್ ಶುರುವಾದದ್ದು 1972ರಲ್ಲಿ, ಟೆಡ್ ಆರಿಸನ್ ಎಂಬುವರಿಂದ. 'ಎಂಪ್ರೆಸ್ ಆಫ್ ಕೆನಡಾ' ಎಂಬ ಹಳೇ ಹಡಗನ್ನು ಕೊಂಡು, 'ಮಾರ್ಡಿ ಗ್ರಾ' ಎಂದು ಹೆಸರು ಬದಲಿಸಿ ಓಡಿಸಿದರು. ಮೊದಲ ಪ್ರಯಾಣದಲ್ಲೇ ಅದು ಮಯಾಮಿ ಬಂದರಿನ ಹೊರಗೆ ಮರಳಿಗೆ ಸಿಕ್ಕಿಕೊಂಡಿತು! ಹಳೇ ಹಡಗು, ಕೈಯಲ್ಲಿ ದುಡ್ಡಿಲ್ಲ. ಆಗ ಕಂಪನಿ ಹಿಡಿದ ದಾರಿ ಏನೆಂದರೆ, ಊರು ತೋರಿಸುತ್ತೇವೆ ಎನ್ನುವ ಬದಲು ಹಡಗನ್ನೇ ಜಾತ್ರೆ ಮಾಡುವುದು. ಹಾಡು, ಕುಣಿತ, ಕ್ಯಾಸಿನೊ, ಕಡಿಮೆ ದರ. 'ಮೋಜಿನ ಹಡಗು' ಎಂಬ ಪ್ರಚಾರ ಅಲ್ಲಿಂದ ಬಂತು. ಇವತ್ತಿಗೂ ಕಾರ್ನಿವಲ್ ಹತ್ತುವವರು ಗದ್ದಲ ಬೇಕೆಂದೇ ಹತ್ತುತ್ತಾರೆ. ಗದ್ದಲ ಬೇಡವೆನ್ನುವವರು ಅದೇ ಮಾಲೀಕನ ಹಾಲೆಂಡ್ ಅಮೆರಿಕಕ್ಕೆ ಹೋಗುತ್ತಾರೆ.

ಪ್ರಿನ್ಸೆಸ್‌ಗೆ ಟಿವಿಯ ಅದೃಷ್ಟ. 1977ರಿಂದ ಸುಮಾರು ಒಂದು ದಶಕ ಅಮೆರಿಕದಲ್ಲಿ 'ದಿ ಲವ್ ಬೋಟ್' ಎಂಬ ಧಾರಾವಾಹಿ ಓಡಿತು. ಕಥೆ ನಡೆಯುವುದು ಇವರದೇ 'ಪೆಸಿಫಿಕ್ ಪ್ರಿನ್ಸೆಸ್' ಹಡಗಿನಲ್ಲಿ. ಕ್ರೂಸ್ ಎಂದರೆ ಶ್ರೀಮಂತ ಮುದುಕರಿಗೆ ಎಂದುಕೊಂಡಿದ್ದ ಮಧ್ಯಮವರ್ಗದ ಜನ ಪ್ರತಿವಾರ ಅದನ್ನು ನೋಡಿ ನೋಡಿ, ತಾವೂ ಹೋಗಬಹುದು ಎಂದುಕೊಂಡರು. ರಾಯಲ್ ಕೆರಿಬಿಯನ್ ಹಿಡಿದದ್ದು ಗಾತ್ರದ ದಾರಿ: 1999ರಲ್ಲಿ ಹಡಗಿನೊಳಗೆ ಐಸ್ ಸ್ಕೇಟಿಂಗ್ ಅಂಗಳ, 2009ರಲ್ಲಿ ನಡುವೆ ನಿಜವಾದ ಗಿಡಗಳ ಉದ್ಯಾನ, 2024ರ ಜನವರಿಯಲ್ಲಿ ಜಗತ್ತಿನ ಅತಿದೊಡ್ಡ 'ಐಕಾನ್ ಆಫ್ ದ ಸೀಸ್'. ನಾರ್ವೇಜಿಯನ್ 2000ದ ಹೊತ್ತಿಗೆ ಊಟದ ನಿಗದಿತ ಸಮಯ, ನಿಗದಿತ ಟೇಬಲ್, ಕೋಟು-ಟೈ ಎಲ್ಲವನ್ನೂ ತೆಗೆದುಹಾಕಿತು. ಬೇಕಾದಾಗ ಬನ್ನಿ, ಬೇಕಾದಲ್ಲಿ ಕೂತು ಉಣ್ಣಿ. ಇಷ್ಟು ಸಣ್ಣ ಬದಲಾವಣೆಗೇ ಜನ ಆ ಕಡೆ ವಾಲಿದರು.

ಡಿಸ್ನಿಯದು ಇನ್ನೂ ಬೇರೆ. ಅವರ ಹಡಗುಗಳಲ್ಲಿ ಕ್ಯಾಸಿನೊ ಇಲ್ಲ. ಈ ವ್ಯಾಪಾರದಲ್ಲಿ ಕ್ಯಾಸಿನೊ ಬಿಡುವುದೆಂದರೆ ಕೈಗೆ ಬಂದ ದುಡ್ಡು ಬಿಟ್ಟಂತೆ. ಆದರೆ ಚಿಕ್ಕ ಮಕ್ಕಳ ತಂದೆತಾಯಿಗೆ ಅದು ಇಲ್ಲದಿರುವುದೇ ಆಕರ್ಷಣೆ. ಅದಕ್ಕಾಗಿ ಹೆಚ್ಚು ದುಡ್ಡು ಕೊಡಲೂ ತಯಾರು. ಇನ್ನೊಂದು ಉಪಾಯವೂ ಇದೆ: ಪ್ರತಿ ರಾತ್ರಿ ನಿಮ್ಮ ಊಟದ ಹಾಲ್ ಬದಲಾಗುತ್ತದೆ, ಬಡಿಸುವವರು ಮಾತ್ರ ನಿಮ್ಮ ಜೊತೆಗೇ ಬರುತ್ತಾರೆ. ಎರಡನೇ ದಿನಕ್ಕೆ ಮಗುವಿಗೆ ಏನು ಇಷ್ಟ, ಯಾವುದಕ್ಕೆ ಹಟ ಮಾಡುತ್ತದೆ ಎಂಬುದು ಅವರಿಗೆ ಗೊತ್ತಾಗಿರುತ್ತದೆ.

"ಎರಡೂವರೆ ಲಕ್ಷ ಟನ್ ತೂಕದ ಹಡಗು": ಇದು ತೂಕವೇ ಅಲ್ಲ

ಐಕಾನ್ ಹಡಗಿನ ವಿಡಿಯೊ ನಿಮ್ಮ ಮೊಬೈಲ್‌ಗೂ ಬಂದಿರುತ್ತದೆ. ಅದರ ಕೆಳಗೆ "ತೂಕ 2.5 ಲಕ್ಷ ಟನ್, ಟೈಟಾನಿಕ್‌ಗಿಂತ ಐದು ಪಟ್ಟು ಭಾರ" ಎಂದು ಬರೆದಿರುತ್ತಾರೆ. ಐಕಾನ್‌ನ ಅಂಕಿ 2,48,663, ಟೈಟಾನಿಕ್‌ನದು 46,328. ಅಂಕಿಗಳು ಸರಿ, ಅರ್ಥ ತಪ್ಪು. ಇದನ್ನು 'ಗ್ರಾಸ್ ಟನೇಜ್' ಎನ್ನುತ್ತಾರೆ. ಹೆಸರಿನಲ್ಲಿ ಟನ್ ಇದ್ದರೂ ಇದು ತೂಕವಲ್ಲ, ಹಡಗಿನೊಳಗಿನ ಜಾಗದ ಅಳತೆ. ಮನೆಗೆ ಎಷ್ಟು ಚದರ ಎಂದು ಕೇಳುತ್ತೇವಲ್ಲ, ಹೆಚ್ಚುಕಡಿಮೆ ಹಾಗೆ. ಇಲ್ಲಿ ನೆಲದ ಬದಲು ಒಟ್ಟು ಒಳಜಾಗದ ಲೆಕ್ಕ.

ಈ ಅಂಕಿಯಿಂದ ನಿಜವಾದ ಉಪಯೋಗವೊಂದಿದೆ. ಗ್ರಾಸ್ ಟನೇಜನ್ನು ಪ್ರಯಾಣಿಕರ ಸಂಖ್ಯೆಯಿಂದ ಭಾಗಿಸಿ. ಬರುವ ಉತ್ತರ ಒಬ್ಬೊಬ್ಬರ ಪಾಲಿಗೆ ಎಷ್ಟು ಜಾಗ ಎಂಬ ಅಂದಾಜು. ಕ್ಯಾಬಿನ್‌ಗೆ ಇಬ್ಬರಂತೆ ಐಕಾನ್‌ಗೆ 5,610 ಪ್ರಯಾಣಿಕರು. ಉತ್ತರ ಸುಮಾರು 44. ಕಾರ್ನಿವಲ್‌ನ ಹೊಸ ದೊಡ್ಡ ಹಡಗುಗಳಲ್ಲಿ ಇದು 34ರ ಆಸುಪಾಸು. ಅದೇ ಗುಂಪಿನ 'ಕ್ವೀನ್ ಮೇರಿ 2'ರಲ್ಲಿ 55 ದಾಟುತ್ತದೆ. ಸುಮಾರು 450 ಜನರನ್ನಷ್ಟೇ ಒಯ್ಯುವ ಸೀಬರ್ನ್‌ನ ಪುಟ್ಟ ಹಡಗುಗಳಲ್ಲಿ 70ರ ಮೇಲೆ. ಅಂದರೆ ಹಡಗು ದೊಡ್ಡದಾದ ಮಾತ್ರಕ್ಕೆ ನಿಮ್ಮ ಪಾಲಿನ ಜಾಗ ದೊಡ್ಡದಾಗುವುದಿಲ್ಲ. ರಜಾದಿನಗಳಲ್ಲಿ ಒಂದು ಕ್ಯಾಬಿನ್‌ನಲ್ಲಿ ನಾಲ್ವರು ತುಂಬಿದಾಗ ಐಕಾನ್‌ನಲ್ಲಿ ಗರಿಷ್ಠ 7,600 ಜನ ಇರಬಹುದು. ಆಗ ಆ 44 ಇಳಿದು 33 ಆಗುತ್ತದೆ. ಲಿಫ್ಟ್ ಮುಂದೆ, ತಿಂಡಿಯ ಸಾಲಿನಲ್ಲಿ ನಿಂತಾಗ ಇದು ಚೆನ್ನಾಗಿ ಗೊತ್ತಾಗುತ್ತದೆ.

ದೊಡ್ಡ ಹಡಗಿನಲ್ಲಿ ತಲೆ ಸುತ್ತುವುದಿಲ್ಲ ಎಂಬ ಮಾತು ಅರ್ಧ ಸರಿ. ಕಣ್ಣಿಗೆ ಕಾಣುವ ಗೋಡೆ ನಿಂತಿದೆ, ಒಳಕಿವಿಗೆ ಮಾತ್ರ ಅಲುಗಾಟ ಗೊತ್ತಾಗುತ್ತಿದೆ. ಈ ಎರಡು ಸುದ್ದಿ ತಾಳೆಯಾಗದಿದ್ದಾಗ ವಾಕರಿಕೆ ಬರುತ್ತದೆ. ದೊಡ್ಡ ಹಡಗು ಕಡಿಮೆ ಅಲುಗುತ್ತದೆ, ಜೊತೆಗೆ ಎರಡೂ ಪಕ್ಕದಲ್ಲಿ ನೀರಿನೊಳಗೆ ಚಾಚುವ ರೆಕ್ಕೆಗಳು ತೂಗಾಟವನ್ನು ತಗ್ಗಿಸುತ್ತವೆ. ಆದರೆ ಅದಕ್ಕಿಂತ ಮುಖ್ಯ ನಿಮ್ಮ ಕ್ಯಾಬಿನ್ ಎಲ್ಲಿದೆ ಎಂಬುದು. ತೊಟ್ಟಿಲಿನ ತುದಿ ಹೆಚ್ಚು ತೂಗುತ್ತದೆ, ನಡು ಕಡಿಮೆ. ಹಡಗಿನ ನಡುಭಾಗದ, ಕೆಳಗಿನ ಡೆಕ್‌ಗಳ ಕ್ಯಾಬಿನ್ ಅಗ್ಗವೂ ಹೌದು, ಹೊಟ್ಟೆಗೆ ಹಿತವೂ ಹೌದು.

"ಎಲ್ಲ ಸೇರಿ ಇಷ್ಟೇ" ಎನ್ನುವ ದರ

ಕಂಪನಿ ಆರಿಸುವಾಗ ಎಲ್ಲಕ್ಕಿಂತ ಮೊದಲು ಕಣ್ಣಿಗೆ ಬೀಳುವುದು ಬೆಲೆ, ಮೋಸಹೋಗುವುದೂ ಅಲ್ಲೇ. ಟಿಕೆಟ್‌ನಲ್ಲಿ ಕ್ಯಾಬಿನ್, ಮುಖ್ಯ ಹಾಲ್‌ನ ಊಟ, ಬಫೆ, ಬಹಳಷ್ಟು ಕಾರ್ಯಕ್ರಮ ಸೇರಿರುತ್ತವೆ. ಮದ್ಯ, ಸೋಡಾ, ವೈಫೈ, ವಿಶೇಷ ರೆಸ್ಟೋರೆಂಟ್, ಬಂದರಿನಲ್ಲಿ ಇಳಿದು ಊರು ನೋಡುವ ಬಸ್ಸು ಸಾಮಾನ್ಯವಾಗಿ ಬೇರೆ. ಅಮೆರಿಕದ ಕಂಪನಿಗಳಲ್ಲಿ ಟಿಪ್ಸ್ ಕೂಡ ತಲೆಗೆ ದಿನಕ್ಕೆ ಸುಮಾರು 16ರಿಂದ 20 ಡಾಲರ್ ತಾನಾಗಿಯೇ ಬಿಲ್‌ಗೆ ಸೇರುತ್ತದೆ. ನಾಲ್ವರ ಕುಟುಂಬ ಏಳು ರಾತ್ರಿ ಹೋದರೆ 16 ಡಾಲರ್ ಲೆಕ್ಕದಲ್ಲೇ 448 ಡಾಲರ್. ತೊಡೆಯ ಮೇಲೆ ಕೂರುವ ಮಗುವಿಗೂ ಹಲವು ಕಡೆ ವಿನಾಯಿತಿ ಇಲ್ಲ.

ಇದು ಸಣ್ಣ ಬಾಬತ್ತಲ್ಲ. 2023ರಲ್ಲಿ ಕಾರ್ನಿವಲ್ ಗುಂಪಿನ ಒಟ್ಟು ವರಮಾನ ಸುಮಾರು 21.6 ಶತಕೋಟಿ ಡಾಲರ್. ಅದರಲ್ಲಿ ಸುಮಾರು ಮೂರನೇ ಒಂದು ಭಾಗ ಟಿಕೆಟ್‌ನಿಂದ ಬಂದದ್ದಲ್ಲ, ಹಡಗು ಹತ್ತಿದ ಮೇಲೆ ಜನ ಮಾಡಿದ ಖರ್ಚು. ಹಾಗಾಗಿ ಟಿಕೆಟ್ ಅಗ್ಗ ಮಾಡಿ ಹತ್ತಿಸಿಕೊಳ್ಳುವುದರಲ್ಲಿ ಕಂಪನಿಗೆ ನಷ್ಟವಿಲ್ಲ. ಕೊನೇ ಗಳಿಗೆಯಲ್ಲಿ ಖಾಲಿ ಕ್ಯಾಬಿನ್ ಅರ್ಧ ಬೆಲೆಗೆ ಹೋಗುವುದು ಇದಕ್ಕೇ. ಇನ್ನೊಂದು ಕಡೆ ರೀಜೆಂಟ್‌ನಂಥ ದುಬಾರಿ ಕಂಪನಿಗಳು ಟಿಪ್ಸ್, ಪಾನೀಯ, ಊರು ಸುತ್ತಾಟ ಎಲ್ಲವನ್ನೂ ಟಿಕೆಟ್‌ಗೇ ಸೇರಿಸುತ್ತವೆ. ಪದೇ ಪದೇ ಪರ್ಸ್ ತೆಗೆಯುವ ಕಿರಿಕಿರಿ ಬೇಡವೆನ್ನುವ ಹಿರಿಯರು ಆ ಕಡೆ ಹೋಗುತ್ತಾರೆ. ಒಬ್ಬರೇ ಹೋಗುವವರಿಗೆ ಬೇರೆ ಪೆಟ್ಟು: ಇಬ್ಬರ ಕ್ಯಾಬಿನ್‌ನ ಪೂರ್ತಿ ದುಡ್ಡು ಕಟ್ಟಬೇಕಾಗುತ್ತದೆ. ನಾರ್ವೇಜಿಯನ್ 2010ರಲ್ಲಿ 'ಎಪಿಕ್' ಹಡಗಿನಲ್ಲಿ ಒಬ್ಬರಿಗೆಂದೇ ಪುಟ್ಟ ಕ್ಯಾಬಿನ್‌ಗಳನ್ನು ತಂದಾಗ ಒಂಟಿ ಪ್ರವಾಸಿಗಳು ಅದನ್ನು ಹುಡುಕಿಕೊಂಡು ಹೋದರು.

ಒಮ್ಮೆ ಹೋದವರು ಮತ್ತೆ ಅದೇ ಕಂಪನಿಗೆ ಬರುವುದರ ಹಿಂದೆ ಪಾಯಿಂಟ್‌ಗಳ ಆಟವಿದೆ. ಎಷ್ಟು ರಾತ್ರಿ ಕಳೆದಿರೋ ಅಷ್ಟು ಮೇಲಿನ ದರ್ಜೆ. ಪ್ರಿನ್ಸೆಸ್‌ನಲ್ಲಿ ಮೇಲಿನ ದರ್ಜೆಯವರಿಗೆ ಬಟ್ಟೆ ಒಗೆದುಕೊಡುವುದು ಉಚಿತ; ರಾಯಲ್ ಕೆರಿಬಿಯನ್‌ನಲ್ಲಿ ಅತಿ ಎತ್ತರದ ದರ್ಜೆಗೆ 700 ಪಾಯಿಂಟ್ ಬೇಕು. ಮಟ್ಟಿಲು ಹತ್ತಿರವಾದಷ್ಟೂ ಇನ್ನೊಂದೇ ಪ್ರವಾಸ ಮಾಡಿಬಿಡೋಣ ಅನ್ನಿಸುವುದು ಮನುಷ್ಯನ ಸ್ವಭಾವ. ಆದರೆ ನನ್ನ ಅನಿಸಿಕೆ, ಜನರನ್ನು ನಿಜವಾಗಿ ಕಟ್ಟಿಹಾಕುವುದು ಉಚಿತ ಬಟ್ಟೆ ಒಗೆತವಲ್ಲ. ಎರಡನೇ ದಿನ ಬೆಳಿಗ್ಗೆ ಹೆಸರು ಹಿಡಿದು ಕರೆದು, ಸಕ್ಕರೆ ಇಲ್ಲದ ಕಾಫಿ ತಂದಿಡುವ ಆ ಹುಡುಗ. ಫಾರ್ವರ್ಡ್‌ನ ಅಜ್ಜಿಗೆ ಹಡಗಿನಲ್ಲಿ ಸಿಕ್ಕಿದ್ದೂ ಅದೇ.

ಆ ಹುಡುಗ ಮಂಗಳೂರಿನವನೂ ಆಗಿರಬಹುದು

ಕ್ರೂಸ್ ಹಡಗುಗಳ ಅಡುಗೆಮನೆ, ಹಾಲ್, ಕ್ಯಾಬಿನ್‌ಗಳಲ್ಲಿ ದುಡಿಯುವವರಲ್ಲಿ ಫಿಲಿಪ್ಪೀನ್ಸ್, ಇಂಡೋನೇಷ್ಯಾ, ಭಾರತದವರು ಬಹಳ. ಭಾರತದವರಲ್ಲಿ ಗೋವಾ, ಮುಂಬೈ, ಕೇರಳದವರ ಜೊತೆ ನಮ್ಮ ಕರಾವಳಿಯವರೂ ಇದ್ದಾರೆ. 2020ರ ಫೆಬ್ರವರಿಯಲ್ಲಿ ಕೋವಿಡ್ ಹರಡಿ ಜಪಾನಿನ ಯೊಕೊಹಾಮಾದಲ್ಲಿ ನಿಂತ 'ಡೈಮಂಡ್ ಪ್ರಿನ್ಸೆಸ್' ಹಡಗಿನಲ್ಲಿ ನೂರಕ್ಕೂ ಹೆಚ್ಚು ಭಾರತೀಯರಿದ್ದರು; ಬಹುಪಾಲು ಸಿಬ್ಬಂದಿಯೇ. ಅಂತಾರಾಷ್ಟ್ರೀಯ ನಿಯಮದ ಪ್ರಕಾರ ಹಡಗಿನ ಸಿಬ್ಬಂದಿಯಿಂದ ದಿನಕ್ಕೆ 14 ಗಂಟೆ, ವಾರಕ್ಕೆ 72 ಗಂಟೆಗಿಂತ ಹೆಚ್ಚು ಕೆಲಸ ಮಾಡಿಸುವಂತಿಲ್ಲ. ಮಿತಿಯೇ ಅಷ್ಟು ಎಂದರೆ ಆ ನಗುಮುಖದ ಹಿಂದಿನ ದುಡಿಮೆ ಎಷ್ಟೆಂದು ಊಹಿಸಿಕೊಳ್ಳಿ.

"ಕ್ರೂಸ್ ಹಡಗಿನಲ್ಲಿ ಕೆಲಸ, ತಿಂಗಳಿಗೆ ಲಕ್ಷ ಸಂಬಳ, ಮೊದಲು ಪ್ರೊಸೆಸಿಂಗ್ ಫೀ ಕಟ್ಟಿ" ಎಂಬ ಸಂದೇಶ ಬಂದರೆ ಮುಂದೆ ಕಳಿಸುವ ಮುನ್ನ ನಿಲ್ಲಿ. ಭಾರತದಲ್ಲಿ ಹಡಗಿನ ಕೆಲಸಕ್ಕೆ ಜನರನ್ನು ಕಳಿಸುವ ಏಜೆನ್ಸಿಗೆ ನೌಕಾಯಾನ ಮಹಾನಿರ್ದೇಶನಾಲಯ ಕೊಡುವ ಆರ್‌ಪಿಎಸ್‌ಎಲ್ ಪರವಾನಗಿ ಇರಬೇಕು. ಇಲಾಖೆಯ ವೆಬ್‌ಸೈಟ್‌ನಲ್ಲಿ ಅದರ ಪಟ್ಟಿ ಇದೆ. ಕೆಲಸ ಕೊಡಿಸಿದ್ದಕ್ಕೆ ಅಭ್ಯರ್ಥಿಯಿಂದ ಶುಲ್ಕ ವಸೂಲಿ ಮಾಡುವಂತೆಯೂ ಇಲ್ಲ.

ವಾಂತಿ-ಭೇದಿಯ ಸುದ್ದಿ ಬಂದ ಹಡಗು ಕೊಳಕೇ?

"ಆ ಕಂಪನಿಯ ಹಡಗಿನಲ್ಲಿ ನೂರು ಜನಕ್ಕೆ ವಾಂತಿ-ಭೇದಿ" ಎಂಬ ಸುದ್ದಿ ಬಂದೊಡನೆ ಜನ ಬುಕಿಂಗ್ ಬದಲಿಸುತ್ತಾರೆ. ಹೆಚ್ಚಿನ ಸಲ ಇದಕ್ಕೆ ಕಾರಣ ನೊರೊವೈರಸ್. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ತನ್ನ ದೇಶದ ಬಂದರಿಗೆ ಬರುವ ಹಡಗುಗಳ ಮೇಲೆ 1970ರ ದಶಕದಿಂದ ನಿಗಾ ಇಟ್ಟಿದೆ. ಪ್ರಯಾಣಿಕರಲ್ಲಿ ಅಥವಾ ಸಿಬ್ಬಂದಿಯಲ್ಲಿ ಶೇ 3ರಷ್ಟು ಜನರಿಗೆ ಹೊಟ್ಟೆ ಕೆಟ್ಟರೆ ಹಡಗಿನ ಹೆಸರಿನ ಸಮೇತ ಪ್ರಕಟಿಸುತ್ತದೆ. ನಿಮ್ಮೂರಿನ ಮದುವೆ ಛತ್ರದಲ್ಲಿ ಅಷ್ಟೇ ಜನಕ್ಕೆ ಹೊಟ್ಟೆ ಕೆಟ್ಟರೆ ಯಾರು ಲೆಕ್ಕ ಇಡುತ್ತಾರೆ? ವರದಿಯಾಗುವ ಒಟ್ಟು ನೊರೊವೈರಸ್ ಪ್ರಕರಣಗುಚ್ಛಗಳಲ್ಲಿ ಹಡಗುಗಳ ಪಾಲು ಶೇ 1ರಷ್ಟು ಮಾತ್ರ ಎಂದು ಸಿಡಿಸಿಯೇ ಹೇಳುತ್ತದೆ. ಹಡಗಿನ ಶುಚಿತ್ವ ತಿಳಿಯಬೇಕೆಂದರೆ ಅದೇ ಸಂಸ್ಥೆ ತಪಾಸಣೆ ಮಾಡಿ 100ಕ್ಕೆ ಕೊಡುವ ಅಂಕ ನೋಡಿ. 85 ಅಥವಾ ಅದಕ್ಕಿಂತ ಕಡಿಮೆ ಬಂದರೆ ಫೇಲು.

ಒಂದು ಉಪಯುಕ್ತ ಮಾತು: ಊಟದ ಹಾಲ್ ಬಾಗಿಲಲ್ಲಿ ಇಟ್ಟಿರುವ ಸ್ಯಾನಿಟೈಸರ್ ನೊರೊವೈರಸ್ ಮೇಲೆ ಅಷ್ಟಾಗಿ ನಾಟುವುದಿಲ್ಲ. ಕೊರೊನಾ ವೈರಸ್ಸಿಗೆ ಹೊರಗೆ ಕೊಬ್ಬಿನ ಪೊರೆ ಇದೆ, ಆಲ್ಕೋಹಾಲ್ ಅದನ್ನು ಕರಗಿಸುತ್ತದೆ. ನೊರೊವೈರಸ್ಸಿಗೆ ಆ ಪೊರೆಯೇ ಇಲ್ಲ. ಸೋಪು ಹಚ್ಚಿ, ಉಜ್ಜಿ, ನೀರಿನಲ್ಲಿ ತೊಳೆದು ಕಳೆಯುವುದೇ ದಾರಿ. ಕಂಪನಿ ಯಾವುದಾದರೂ ಇದು ಬದಲಾಗುವುದಿಲ್ಲ.

ನಮ್ಮವರ ಆಯ್ಕೆ

ಇಲ್ಲಿಂದ ಹೊರಡುವವರಿಗೆ ಮೇಲಿನದೆಲ್ಲ ಆಮೇಲಿನ ಮಾತು. ಮೊದಲ ಪ್ರಶ್ನೆ ವೀಸಾ, ಎರಡನೆಯದು ಊಟ. ಮಯಾಮಿಯಿಂದ ಹೊರಡುವ ಹಡಗು ಎಷ್ಟೇ ಅಗ್ಗವಾದರೂ ಅಮೆರಿಕದ ವೀಸಾ, ವಿಮಾನದ ಟಿಕೆಟ್ ಸೇರಿದರೆ ಲೆಕ್ಕ ಬೇರೆಯೇ. ಹಾಗಾಗಿ ಸಿಂಗಪುರದಿಂದ ಹೊರಡುವ ಹಡಗುಗಳು ನಮ್ಮವರಿಗೆ ಹತ್ತಿರವಾದವು. 'ಗೆಂಟಿಂಗ್ ಡ್ರೀಮ್'ನಂಥ ಹಡಗುಗಳಲ್ಲಿ ಭಾರತೀಯ ಸಸ್ಯಾಹಾರ, ಜೈನ ಊಟ ಸಿಗುವುದು ಗುಜರಾತಿ, ಮಾರ್ವಾಡಿ, ದಕ್ಷಿಣದ ಕುಟುಂಬಗಳಿಗೆ ಈಜುಕೊಳಕ್ಕಿಂತ ದೊಡ್ಡ ಸಂಗತಿ. ಅಜ್ಜಿಯನ್ನೂ ಕರೆದುಕೊಂಡು ಹೋಗುವ ಮನೆಯವರಿಗೆ ಅದು ಗೊತ್ತು.

ದೇಶದೊಳಗೆ ಆಯ್ಕೆ ಎನ್ನುವಷ್ಟು ಪೈಪೋಟಿಯೇ ಬೆಳೆದಿಲ್ಲ. 2019ರಲ್ಲಿ ಶುರುವಾದ ಜಲೇಶ್ ಕ್ರೂಸಸ್ 2020ರಲ್ಲೇ ಮುಚ್ಚಿತು. 2021ರ ಸೆಪ್ಟೆಂಬರ್‌ನಲ್ಲಿ ಕಾರ್ಡೇಲಿಯಾ ಬಂತು; ಮುಂಬೈ, ಗೋವಾ, ಕೊಚ್ಚಿ, ಲಕ್ಷದ್ವೀಪದ ಸುತ್ತ ಓಡಿತು. ಅದರ 'ಎಂಪ್ರೆಸ್' 1990ರಲ್ಲಿ ಕಟ್ಟಿದ್ದು, ಹಿಂದೆ ರಾಯಲ್ ಕೆರಿಬಿಯನ್‌ನಲ್ಲಿ ದುಡಿದ ಹಡಗು. ಸುಮಾರು 48,500 ಗ್ರಾಸ್ ಟನೇಜ್, ಕ್ಯಾಬಿನ್‌ಗೆ ಇಬ್ಬರಂತೆ ಸುಮಾರು 1,600 ಜನ, ಭಾಗಿಸಿದರೆ 30. ಹಡಗು ಹಳೆಯದು, ಜಾಗ ಕಡಿಮೆ ಎಂದು ಗೊಣಗುವವರಿದ್ದಾರೆ, ಅದರಲ್ಲಿ ತಪ್ಪಿಲ್ಲ. ಆದರೆ ಪಾಸ್‌ಪೋರ್ಟ್ ಇಲ್ಲದೆ, ರೈಲಿನಲ್ಲಿ ಮುಂಬೈಗೆ ಹೋಗಿ ಹಡಗು ಹತ್ತುವ ಸುಲಭ ಅದರಲ್ಲಿತ್ತು. ನವ ಮಂಗಳೂರು ಬಂದರಿಗೂ ವಿದೇಶಿ ಕ್ರೂಸ್ ಹಡಗುಗಳು ಬರುತ್ತವೆ, ಒಂದು ದಿನ ನಿಲ್ಲುತ್ತವೆ. ಪ್ರವಾಸಿಗಳು ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಕಾರ್ಕಳ ನೋಡಿಕೊಂಡು ಸಂಜೆಗೆ ಹಡಗು ಹತ್ತುತ್ತಾರೆ. ಅಲ್ಲಿಂದ ನಾವು ಹತ್ತಿ ಹೋಗುವ ಕಾಲ ಇನ್ನೂ ಬಂದಿಲ್ಲ.

ಯಾವ ಕಂಪನಿಯಾದರೂ ಸರಿ, ದುಡ್ಡು ಕಟ್ಟುವ ಮುನ್ನ ಟಿಕೆಟ್‌ನ ಷರತ್ತುಗಳನ್ನು ಒಮ್ಮೆ ಓದಿ. ಹವಾಮಾನ ಅಥವಾ ಬೇರೆ ಕಾರಣಕ್ಕೆ ಬಂದರು ಬಿಟ್ಟುಹೋಗುವ ಹಕ್ಕನ್ನು ಕಂಪನಿಗಳು ಅದರಲ್ಲೇ ಬರೆದುಕೊಂಡಿರುತ್ತವೆ. ನೀವು ಲಕ್ಷದ್ವೀಪಕ್ಕೆಂದು ಹೊರಟು ಲಕ್ಷದ್ವೀಪ ನೋಡದೆ ಬರಬಹುದು. ತಕರಾರಿದ್ದರೆ ಯಾವ ಊರಿನ ಕೋರ್ಟಿಗೆ ಹೋಗಬೇಕು ಎಂಬುದೂ ಅಲ್ಲೇ ಇರುತ್ತದೆ. ಅಮೆರಿಕದ ವಾಷಿಂಗ್ಟನ್ ರಾಜ್ಯದ ದಂಪತಿಯೊಬ್ಬರು ಹಡಗಿನಲ್ಲಿ ಬಿದ್ದು ಗಾಯವಾದದ್ದಕ್ಕೆ ತಮ್ಮ ಊರಿನಲ್ಲೇ ಕಾರ್ನಿವಲ್ ಮೇಲೆ ಮೊಕದ್ದಮೆ ಹೂಡಿದ್ದರು. ಟಿಕೆಟ್‌ನಲ್ಲಿ ಫ್ಲಾರಿಡಾ ಎಂದು ಅಚ್ಚಾಗಿತ್ತು. 1991ರಲ್ಲಿ ಸುಪ್ರೀಂ ಕೋರ್ಟ್ ಕಂಪನಿಯ ಪರವಾಗಿ ತೀರ್ಪು ಕೊಟ್ಟಿತು: ದೇಶದ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ, ಫ್ಲಾರಿಡಾಕ್ಕೇ ಹೋಗಿ ದಾವೆ ಹೂಡಬೇಕು.